ಕನ್ನಡಿಯೊಳಗಿನ ಗಂಟು

ಒಂಬತ್ತನೆಯ ತರಗತಿಯ ವಿಜ್ಞಾನದ ರೆಕಾರ್ಡ್ ಪುಸ್ತಕಗಳು ತಿದ್ದುವುದಕ್ಕೆಂದು ಮೇಜಿನ ಮೇಲೆ ಬಂದು ಕೂತಿವೆ ಎನ್ನಿ. ಪ್ರಯೋಗ ಸರಳ ಲೋಲಕದ್ದು. ದಾರಕ್ಕೆ ಕಟ್ಟಿದ ಲೋಹದ ಗುಂಡು, 20 ಆಂದೋಲನಗಳಿಗೆ ಹಿಡಿದ ಕಾಲ, ಕೊನೆಗೆ ಲೆಕ್ಕ ಹಾಕಿ ತೆಗೆಯಬೇಕಾದ ಗುರುತ್ವ ವೇಗೋತ್ಕರ್ಷದ ಬೆಲೆ. 9.8ರ ಆಸುಪಾಸಿನಲ್ಲಿ ಬರಬೇಕಾದ ಉತ್ತರ ಮೊದಲ ಪುಸ್ತಕದಲ್ಲಿ 8.9 ಎಂದಿದೆ. ಬರೆಯುವ ಅವಸರದಲ್ಲಿ ಅಂಕಿಗಳು ಅದಲು ಬದಲಾಗಿರಬೇಕು. ಎರಡನೆಯ ಪುಸ್ತಕ ತೆರೆದರೆ ಅಲ್ಲಿಯೂ 8.9. ಮೂರನೆಯದರಲ್ಲಿಯೂ ಅದೇ. ಹೀಗೆ ಹನ್ನೊಂದು ಪುಸ್ತಕಗಳು. ಹನ್ನೊಂದರಲ್ಲೂ ಅಂದವಾದ ಅಕ್ಷರ, ಸ್ಕೇಲು ಹಿಡಿದು ಎಳೆದ ಗೆರೆ, ಒಂದೇ ತಪ್ಪು.

ಹನ್ನೆರಡನೆಯದು ಜ್ವರ ಬಂದು ಆ ವಾರವೆಲ್ಲ ಮನೆಯಲ್ಲಿಯೇ ಉಳಿದಿದ್ದ ಹುಡುಗಿಯದು. ಮುಂದಿನ ವಾರ ಬಂದು ಒಬ್ಬಳೇ ನಿಂತು ಲೋಲಕ ತೂಗಿ, ಗಡಿಯಾರ ನೋಡಿ, ಲೆಕ್ಕ ಮಾಡಿದ್ದಾಳೆ. ಅವಳ ಉತ್ತರ 9.6. ಅಕ್ಷರ ಅಷ್ಟು ಅಂದವಾಗಿಲ್ಲ, ಎರಡು ಕಡೆ ಹೊಡೆದು ಹಾಕಿದ ಗುರುತೂ ಇದೆ. ಆದರೆ ಇಡೀ ತರಗತಿಯಲ್ಲಿ ನಂಬಬಹುದಾದ ಪುಸ್ತಕ ಅದೊಂದೇ.

ಇದು ಯಾವ ಊರಿನ ಯಾವ ಶಾಲೆಯಲ್ಲಾದರೂ ನಡೆಯಬಹುದಾದ ಸಂಗತಿ. ಪುಸ್ತಕಗಳು ಹನ್ನೊಂದಿದ್ದರೂ ಸಾಕ್ಷಿ ಒಂದೇ; ಉಳಿದ ಹತ್ತು ಅದರ ನೆರಳು. ಈ ಸಣ್ಣ ಮಾತನ್ನು ಮರೆತದ್ದರಿಂದ, ಕಂಪ್ಯೂಟರ್ ಜಗತ್ತಿನ ಬಲು ಜಾಣರ ತಂಡವೊಂದು 2013ರಲ್ಲಿ ಹದಿನಾರು ವರ್ಷಗಳ ದುಡಿಮೆಯನ್ನು ಕಳೆದುಕೊಳ್ಳುವ ಅಂಚಿಗೆ ಬಂದು ನಿಂತಿತ್ತು.

ತಿದ್ದುಪಡಿಗಳ ದಫ್ತರ

ಆ ಕಥೆ ಅರ್ಥವಾಗಬೇಕಾದರೆ ಮೊದಲು ಒಂದು ವ್ಯವಸ್ಥೆಯ ಪರಿಚಯವಾಗಬೇಕು. ಕಂಪ್ಯೂಟರಿಗೆ ಕೊಡುವ ಆದೇಶಗಳ ಬರಹವೇ ಪ್ರೋಗ್ರಾಂ. ದೊಡ್ಡ ಪ್ರೋಗ್ರಾಮನ್ನು ಒಬ್ಬರೇ ಬರೆಯುವುದಿಲ್ಲ. ನೂರಾರು ಜನ ಬೇರೆ ಬೇರೆ ಊರುಗಳಲ್ಲಿ ಕೂತು ಬರೆಯುತ್ತಾರೆ. ಇಂದು ಒಬ್ಬರು ಸೇರಿಸಿದ ಸಾಲನ್ನು ನಾಳೆ ಮತ್ತೊಬ್ಬರು ತಿದ್ದುತ್ತಾರೆ. ಯಾರು, ಯಾವಾಗ, ಯಾವ ಸಾಲನ್ನು, ಏಕೆ ಬದಲಿಸಿದರು ಎಂಬುದೆಲ್ಲ ದಾಖಲಾಗದಿದ್ದರೆ ಕೆಲಸ ಗೋಜಲಾಗುತ್ತದೆ. ಈ ದಾಖಲೆ ಇಡುವ ವ್ಯವಸ್ಥೆಗೆ ಆವೃತ್ತಿ ನಿಯಂತ್ರಣ ಎಂದು ಹೆಸರು. ದಾಖಲೆಯ ಒಂದೊಂದು ಕಟ್ಟನ್ನು ರೆಪಾಸಿಟರಿ, ಅಂದರೆ ಭಂಡಾರ, ಎನ್ನುತ್ತಾರೆ.

ಇಂಥ ವ್ಯವಸ್ಥೆಗಳಲ್ಲಿ ಇಂದು ಬಹಳ ಬಳಕೆಯಲ್ಲಿರುವುದು ಗಿಟ್. ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಅದನ್ನು ಬರೆಯತೊಡಗಿದರು. ಅಲ್ಲಿಯವರೆಗೆ ಲಿನಕ್ಸ್ ತಂಡ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ತಂತ್ರಾಂಶದ ಉಚಿತ ಬಳಕೆಯ ಅವಕಾಶವನ್ನು ಅದರ ಒಡೆಯರು ಹಿಂತೆಗೆದುಕೊಂಡದ್ದೇ ಅದಕ್ಕೆ ಕಾರಣ.

ಗಿಟ್‌ನಲ್ಲಿ ಒಂದು ಸೊಗಸಾದ ಉಪಾಯವಿದೆ. ಅದರೊಳಗೆ ಇಟ್ಟ ಪ್ರತಿಯೊಂದು ವಸ್ತುವಿಗೂ ಆ ವಸ್ತುವಿನಿಂದಲೇ ಲೆಕ್ಕ ಹಾಕಿ ತೆಗೆದ ಸಂಖ್ಯೆಯೊಂದು ಹೆಸರಾಗುತ್ತದೆ. ಗಿಟ್ ಮೊದಲಿನಿಂದ ಬಳಸುತ್ತ ಬಂದ ಎಸ್‌ಎಚ್‌ಎ-1 ಎಂಬ ವಿಧಾನದಲ್ಲಿ ಈ ಹೆಸರು 40 ಚಿಹ್ನೆಗಳಷ್ಟು ಉದ್ದ. ಒಳಗಿನ ಒಂದೇ ಒಂದು ಅಕ್ಷರ ಬದಲಾದರೂ ಸಂಖ್ಯೆ ಗುರುತು ಸಿಗದಷ್ಟು ಬದಲಾಗುತ್ತದೆ. ಮುದ್ರಿತ ಪುಸ್ತಕದ ಐಎಸ್‌ಬಿಎನ್ ಸಂಖ್ಯೆಯ ಕೊನೆಯ ಅಂಕಿಯನ್ನು ಗಮನಿಸಿದ್ದೀರಾ? ಮುಂದಿನ ಅಂಕಿಗಳಲ್ಲಿ ತಪ್ಪಾಗಿದ್ದರೆ ಹಿಡಿಯುವುದಕ್ಕೆಂದೇ ಅದನ್ನು ಸೇರಿಸಿರುತ್ತಾರೆ. ಗಿಟ್‌ನ ಹೆಸರುಗಳು ಅದೇ ಜಾತಿಯ, ಅದಕ್ಕಿಂತ ಬಹಳ ಬಿಗಿಯಾದ ತಾಳೆ ಸಂಖ್ಯೆಗಳು.

ಆದರೆ ತಾಳೆ ಸಂಖ್ಯೆ ಇದ್ದರೆ ಸಾಲದು, ಯಾರಾದರೂ ತಾಳೆ ನೋಡಬೇಕು. ಬೀಗ ಗಟ್ಟಿಯಾಗಿದ್ದರೂ ಕೀಲಿ ತಿರುಗಿಸದೆ ಹೋದರೆ ಕಳ್ಳನಿಗೇನು ಅಡ್ಡಿ?

ಒಂದು ಮೂಲ, ಹಲವು ಕನ್ನಡಿಗಳು

ಈಗ ನಮ್ಮ ಕಥೆಯ ತಂಡ. ಅದರ ಹೆಸರು ಕೆಡಿಇ. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಮಥಿಯಾಸ್ ಎಟ್ರಿಕ್ ಎಂಬ ವಿದ್ಯಾರ್ಥಿ 1996ರ ಅಕ್ಟೋಬರ್‌ನಲ್ಲಿ ಕರೆಕೊಟ್ಟು ಶುರುಮಾಡಿದ ಕೆಲಸ ಅದು. ಜನಸಾಮಾನ್ಯರೂ ಸುಲಭವಾಗಿ ಬಳಸಬಹುದಾದ ಕಂಪ್ಯೂಟರ್ ಪರದೆ, ಕಿಟಕಿ, ಮೆನುಗಳನ್ನು ಉಚಿತವಾಗಿ ಒದಗಿಸಬೇಕೆಂಬುದು ಉದ್ದೇಶ. ದೇಶದೇಶಗಳ ಸ್ವಯಂಸೇವಕರು ಕೈಜೋಡಿಸಿದರು. ಆಕಾಶದ ನಕ್ಷತ್ರಗಳನ್ನು ತೋರಿಸುವ ಕೆಸ್ಟಾರ್ಸ್, ಮೂಲವಸ್ತುಗಳ ಆವರ್ತ ಕೋಷ್ಟಕವನ್ನು ಪರದೆಗೆ ತರುವ ಕಾಲ್ಜಿಯಮ್, ಭೂಗೋಳವನ್ನು ತಿರುಗಿಸಿ ನೋಡಲಾಗುವ ಮಾರ್ಬಲ್ ಎಲ್ಲವೂ ಈ ಬಳಗದ ಕೊಡುಗೆಗಳೇ. ಕನ್ನಡಕ್ಕೂ ಇದರ ನಂಟಿದೆ. ಕೆಡಿಇ ಮೆನುಗಳ ಮಾತುಗಳನ್ನು ಕನ್ನಡಕ್ಕೆ ತಂದ ಸ್ವಯಂಸೇವಕರಿದ್ದಾರೆ. 2011ರ ಮಾರ್ಚ್‌ನಲ್ಲಿ ಈ ಬಳಗದ ಭಾರತೀಯ ಸಮ್ಮೇಳನ ನಡೆದದ್ದು ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ.

2013ರ ಹೊತ್ತಿಗೆ ಕೆಡಿಇ ಬಳಿ ಸುಮಾರು 1500 ಗಿಟ್ ಭಂಡಾರಗಳಿದ್ದವು. ಅವುಗಳನ್ನು ಒಂದು ಮೂಲ ಸರ್ವರ್‌ನಲ್ಲಿ ಇಟ್ಟಿದ್ದರು. ಸರ್ವರ್ ಎಂದರೆ ಬೇರೆ ಕಂಪ್ಯೂಟರುಗಳು ಕೇಳಿದ್ದನ್ನು ಸದಾ ಒದಗಿಸುತ್ತಿರುವ ಕಂಪ್ಯೂಟರ್. ತಿದ್ದುವ ಅಧಿಕಾರವಿದ್ದವರು ಮೂಲ ಸರ್ವರ್‌ಗೆ ಬರೆಯುತ್ತಿದ್ದರು. ಓದಲಷ್ಟೇ ಬರುವವರ ಗದ್ದಲ ಅದರ ಮೇಲೆ ಬೀಳಬಾರದೆಂದು ಕೆಲವು ನಕಲು ಸರ್ವರ್‌ಗಳನ್ನು ಬೇರೆ ಬೇರೆ ಕಡೆ ಇಟ್ಟಿದ್ದರು. ಈ ನಕಲು ಸರ್ವರ್‌ಗಳಿಗೆ ಕಂಪ್ಯೂಟರ್ ಜನ ಇಟ್ಟಿರುವ ಹೆಸರು ಕನ್ನಡಿ. ಮೂಲದಲ್ಲಿ ಏನಿದೆಯೋ ಅದು ಕನ್ನಡಿಯಲ್ಲಿ ಕಾಣಬೇಕು.

ಕನ್ನಡಿಯನ್ನು ಸಜ್ಜುಗೊಳಿಸುವ ಕ್ರಮ ನೋಡುವುದಕ್ಕೆ ಸರಳ. ಗಡಿಯಾರ ಹಿಡಿದ ಆಳಿನಂತಿರುವ ಪುಟ್ಟ ಪ್ರೋಗ್ರಾಂ ಒಂದನ್ನು ಕನ್ನಡಿಯಲ್ಲಿ ಕೂರಿಸಬೇಕು. ಕೆಲವು ನಿಮಿಷಗಳಿಗೊಮ್ಮೆ ಅದು ಎದ್ದು ಮೂರು ಕೆಲಸ ಮಾಡುತ್ತದೆ. ಒಂದು, ಮೂಲ ಸರ್ವರ್‌ನಿಂದ ಭಂಡಾರಗಳ ಪಟ್ಟಿಯನ್ನು ತರಿಸಿಕೊಳ್ಳುವುದು. ಎರಡು, ಪಟ್ಟಿಯಲ್ಲಿ ಹೊಸದಾಗಿ ಕಂಡ ಭಂಡಾರವನ್ನು ಪೂರ್ತಿ ನಕಲು ಮಾಡಿಕೊಳ್ಳುವುದು. ಹಳೆಯದಾದರೆ ಬದಲಾದಷ್ಟನ್ನು ಮಾತ್ರ ತಂದುಕೊಳ್ಳುವುದು. ಮೂರು, ತನ್ನಲ್ಲಿದ್ದು ಪಟ್ಟಿಯಲ್ಲಿ ಇಲ್ಲದ ಭಂಡಾರವನ್ನು ಅಳಿಸಿಹಾಕುವುದು.

ಮೂರನೆಯ ಕೆಲಸ ಸಹಜವೆಂದೇ ತೋರುತ್ತದೆ. ಮೂಲದಲ್ಲಿ ಯಾರೋ ಬೇಡವೆಂದು ತೆಗೆದುಹಾಕಿದ್ದು ಕನ್ನಡಿಯಲ್ಲಿ ಉಳಿದರೆ ಅದೆಂಥ ಕನ್ನಡಿ? ಹಾಗಾಗಿ ಎಲ್ಲರೂ ಒಪ್ಪಿದ್ದರು. ವರ್ಷಗಟ್ಟಲೆ ಅದು ಸರಿಯಾಗಿಯೇ ನಡೆದಿತ್ತು. ಇಷ್ಟೊಂದು ಕನ್ನಡಿಗಳಿರುವಾಗ ಮೂಲ ಹೋದರೂ ಚಿಂತೆಯಿಲ್ಲ ಎಂಬ ಧೈರ್ಯವೂ ಮನಸ್ಸಿನಲ್ಲಿ ಬೇರೂರಿತ್ತು.

ಮಾರ್ಚ್ 22, 2013

ಅಂದು ಮೂಲ ಸರ್ವರ್‌ಗೆ ಭದ್ರತೆಯ ಕೆಲವು ಪರಿಷ್ಕರಣೆಗಳನ್ನು ಹಾಕಬೇಕಿತ್ತು. ಅದಕ್ಕಾಗಿ ಅದನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದರು. ಎದ್ದುಬಂದ ಸರ್ವರ್‌ನಲ್ಲಿ ಕಡತ ವ್ಯವಸ್ಥೆ ಕೆಟ್ಟಿರುವುದು ಕಂಡಿತು. ಕಡತ ವ್ಯವಸ್ಥೆ ಎಂದರೆ ಗ್ರಂಥಾಲಯದ ಕೈಪಿಡಿ ಇದ್ದಂತೆ; ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಹೇಳುವುದು ಅದೇ. ಕೈಪಿಡಿ ಕೆಟ್ಟರೆ ಪುಸ್ತಕಗಳು ಇದ್ದೂ ಇಲ್ಲದಂತೆ. ಈ ಕೊಳೆತ ಯಂತ್ರವನ್ನು ನಿಲ್ಲಿಸುವ ಮೊದಲೇ ಸದ್ದಿಲ್ಲದೆ ಶುರುವಾಗಿದ್ದಿರಬಹುದು ಎಂಬುದಕ್ಕೆ ಸುಳಿವುಗಳೂ ಸಿಕ್ಕವು.

ಕಾಪಾಡಲು ಕನ್ನಡಿಗಳಿವೆಯಲ್ಲ ಎಂದು ತಂಡದವರು ಅತ್ತ ತಿರುಗಿದರು. ಅಲ್ಲಿ ಕಂಡದ್ದು ಎದೆಯೊಡೆಯುವಂಥ ನೋಟ. ಕೆಟ್ಟ ಸರ್ವರ್ ತನ್ನ ಭಂಡಾರಗಳ ಪಟ್ಟಿಯನ್ನೂ ಕೆಡಿಸಿಕೊಂಡಿತ್ತು. ಕನ್ನಡಿಗಳ ಗಡಿಯಾರದ ಆಳುಗಳು ಎಂದಿನಂತೆ ಎದ್ದರು, ಎಂದಿನಂತೆ ಪಟ್ಟಿ ತರಿಸಿಕೊಂಡರು. ಪಟ್ಟಿಯಲ್ಲಿ ಭಂಡಾರಗಳೇ ಇರಲಿಲ್ಲ. ಒಡೆಯನಿಗೆ ಬೇಡವಾದದ್ದು ನಮಗೇಕೆ ಎಂಬಂತೆ, ಹೇಳಿಕೊಟ್ಟ ಮೂರನೆಯ ಕೆಲಸವನ್ನು ಚಾಚೂ ತಪ್ಪದೆ ಮಾಡಿ ಅಳಿಸತೊಡಗಿದರು. ಯಂತ್ರಗಳು ಹಟ ಮಾಡಲಿಲ್ಲ, ಸೋಮಾರಿತನ ಮಾಡಲಿಲ್ಲ. ಅತಿಯಾದ ವಿಧೇಯತೆಯೇ ಅಲ್ಲಿ ಮುಳುವಾಯಿತು.

ನಮ್ಮ ಹಿರಿಯರು ಕೈಗೆಟುಕದ ಸಂಪತ್ತಿಗೆ ಕನ್ನಡಿಯೊಳಗಿನ ಗಂಟು ಎನ್ನುತ್ತಿದ್ದರು. ಕನ್ನಡಿಯಲ್ಲಿ ಕಾಣುವ ಗಂಟು ಎದುರಿಗಿರುವ ಗಂಟಿನ ನೆರಳು. ಎದುರಿನದನ್ನು ಯಾರಾದರೂ ಎತ್ತಿಕೊಂಡು ಹೋದರೆ, ಕನ್ನಡಿ ಎಷ್ಟೇ ಬೆಲೆಬಾಳುವುದಾದರೂ, ಎಷ್ಟೇ ಕನ್ನಡಿಗಳಿದ್ದರೂ, ಒಳಗಿನ ಗಂಟೂ ಅದೇ ಕ್ಷಣ ಮಾಯ. ಕೆಡಿಇ ತಂಡದವರು ಬೆನ್ನಿಗೆ ಆಸರೆ ಎಂದುಕೊಂಡದ್ದು ಇಂಥ ಗಂಟನ್ನೇ.

ಪ್ರತಿಯೊಬ್ಬ ಬರಹಗಾರನ ಕಂಪ್ಯೂಟರಿನಲ್ಲಿಯೂ ತಾನು ಕೆಲಸಮಾಡುವ ಭಂಡಾರದ ಪ್ರತಿ ಇರುತ್ತದೆಯಲ್ಲ ಎಂದು ಯಾರಾದರೂ ಕೇಳಬಹುದು. ಇರುತ್ತದೆ, ಅದು ಗಿಟ್‌ನ ದೊಡ್ಡ ಗುಣ. ಆದರೆ ಜಗತ್ತಿನ ಮೂಲೆಮೂಲೆಗಳಲ್ಲಿರುವ ನೂರಾರು ಜನರನ್ನು ಹುಡುಕಿ, 1500 ಭಂಡಾರಗಳಲ್ಲಿ ಯಾರ ಬಳಿ ಯಾವುದಿದೆ, ಯಾರದು ಹೊಸದು, ಯಾರದು ಹಳತು ಎಂದು ವಿಚಾರಿಸಿ ಕೂಡಿಸುವುದು, ನೆರೆಯಲ್ಲಿ ಕೊಚ್ಚಿಹೋದ ಊರಿನ ಖಾತೆ ಪುಸ್ತಕವನ್ನು ಮನೆಮನೆಯ ರಸೀತಿ ಬೇಡಿ ಮತ್ತೆ ಬರೆದಂತೆ. ಯಾರೂ ಈಚೆಗೆ ಮುಟ್ಟದ ಹಳೆಯ ಭಂಡಾರಗಳ ಗತಿಯಂತೂ ದೇವರಿಗೇ ಪ್ರೀತಿ.

ಕೊನೆಗೆ ಉಳಿಸಿದ್ದು ಅದೃಷ್ಟ. ಇದ್ದ ಸರ್ವರ್‌ಗಳಲ್ಲಿ ಒಂದರಲ್ಲಿ ಮಾತ್ರ ಭಂಡಾರಗಳು ಸುಸ್ಥಿತಿಯಲ್ಲಿ ಉಳಿದಿದ್ದವು. ಜ್ವರ ಬಂದು ಮನೆಯಲ್ಲುಳಿದ ಹುಡುಗಿಯ ಹಾಗೆ ಆ ಒಂದು ಯಂತ್ರ ಉಳಿದವುಗಳ ಜೊತೆ ಸೇರಿ ತಪ್ಪನ್ನು ನಕಲು ಮಾಡಿರಲಿಲ್ಲ. ಅದರಲ್ಲಿದ್ದುದನ್ನು ತೆಗೆದು ಮೂಲ ಸರ್ವರನ್ನು ಮತ್ತೆ ತುಂಬಿಸಿದರು. ಆದರೆ ಅದು ಯೋಜನೆ ಹಾಕಿ ಗೆದ್ದ ಗೆಲುವಲ್ಲ ಎಂಬುದು ತಂಡಕ್ಕೂ ಗೊತ್ತಿತ್ತು.

ಸಂದೇಹಪಡಲು ಕಲಿತ ಯಂತ್ರ

ಪೆಟ್ಟು ತಪ್ಪಿಸಿಕೊಂಡವರು ಎರಡು ರೀತಿ ನಡೆದುಕೊಳ್ಳುತ್ತಾರೆ. ಕೆಲವರು ಮೈ ಕೊಡವಿಕೊಂಡು ಮರೆಯುತ್ತಾರೆ. ಕೆಲವರು ಎಡವಿದ ಕಲ್ಲು ಯಾವುದೆಂದು ಹಿಂತಿರುಗಿ ನೋಡುತ್ತಾರೆ. ಕೆಡಿಇ ಬಳಗದವರು ಎರಡನೆಯ ಜಾತಿ. ಏನಾಯಿತು, ತಾವು ಎಲ್ಲಿ ತಪ್ಪು ತಿಳಿದಿದ್ದೆವು ಎಂಬುದನ್ನು ಎರಡು ದಿನಗಳೊಳಗೆ ವಿವರವಾಗಿ ಬರೆದು ಜಗತ್ತಿನ ಮುಂದಿಟ್ಟರು. ಅದರಿಂದಲೇ ಇಂದು ಬೇರೆಯವರಿಗೂ ಅದು ಪಾಠವಾಗಿದೆ.

ಅವರು ಮಾಡಿಕೊಂಡ ತಿದ್ದುಪಡಿಗಳಲ್ಲಿ ಒಂದನ್ನು ಎಂಟನೆಯ ತರಗತಿಯ ಶೇಕಡಾ ಲೆಕ್ಕ ಬಲ್ಲವರೂ ಅರ್ಥಮಾಡಿಕೊಳ್ಳಬಹುದು. ಹೊಸ ಪಟ್ಟಿ ಸಿದ್ಧವಾದಾಗ ಅದನ್ನು ಹಳೆಯ ಪಟ್ಟಿಯ ಪಕ್ಕದಲ್ಲಿಟ್ಟು ಹೋಲಿಸಬೇಕು. ಎರಡಕ್ಕೂ ಶೇಕಡಾ 1ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಹೊಸದನ್ನು ಒಪ್ಪದೆ ಹಳೆಯದನ್ನೇ ಇಟ್ಟುಕೊಳ್ಳಬೇಕು. 1500ರಲ್ಲಿ ಶೇಕಡಾ 1 ಎಂದರೆ 15. ಕೆಲವೇ ನಿಮಿಷಗಳ ಅಂತರದಲ್ಲಿ 15ಕ್ಕಿಂತ ಹೆಚ್ಚು ಭಂಡಾರಗಳು ಹುಟ್ಟುವುದಾಗಲಿ ಅಳಿಯುವುದಾಗಲಿ ಸಹಜವಾಗಿ ನಡೆಯುವಂಥದ್ದಲ್ಲ. ಅಂಥದ್ದು ಕಂಡರೆ ಯಂತ್ರ ಕೈಕಟ್ಟಿ ನಿಂತು ಮನುಷ್ಯನನ್ನು ಕರೆಯಬೇಕು. ಇದರಲ್ಲಿ ಯಾವ ಮಹಾ ವಿದ್ಯೆಯೂ ಇಲ್ಲ. ಅಂಗಡಿಗೆ ಉಪ್ಪು ತರಲು ಹೋದ ಹುಡುಗ, ಚೀಟಿಯಲ್ಲಿ ‘50 ಕಿಲೋ’ ಎಂದಿದ್ದರೆ ಮನೆಗೆ ಬಂದು ಅಮ್ಮನನ್ನು ಕೇಳುತ್ತಾನಲ್ಲ, ಅಷ್ಟು ವಿವೇಕ. ಆ ವಿವೇಕವನ್ನು ಯಂತ್ರಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ತಿಳಿವಳಿಕೆ ತಾಳೆ ನೋಡುವುದರ ಬಗ್ಗೆ. ನಕಲು ಮಾಡುವಾಗ ಗಿಟ್ ಹೇಗಿದ್ದರೂ ಎಲ್ಲವನ್ನೂ ಪರೀಕ್ಷಿಸುತ್ತದೆ ಎಂದು ತಂಡ ನಂಬಿತ್ತು. ಆದರೆ ತರುವ ಕೆಲಸ ಬೇರೆ, ತನಿಖೆಯ ಕೆಲಸ ಬೇರೆ. ಭಂಡಾರದ ಎಲ್ಲ ವಸ್ತುಗಳನ್ನೂ ತೆಗೆದು, ಹೆಸರಿನ ಸಂಖ್ಯೆಗೂ ಒಳಗಿನ ಹೂರಣಕ್ಕೂ ಹೊಂದಿಕೆಯಿದೆಯೇ ಎಂದು ನೋಡಲು ಗಿಟ್‌ನಲ್ಲಿ ಪ್ರತ್ಯೇಕ ಆದೇಶವೇ ಇದೆ. ಅದಕ್ಕೆ ಸಮಯ ಹಿಡಿಯುತ್ತದೆ. ಸಮಯ ಹಿಡಿಯುತ್ತದೆಂದೇ ಅವಸರದಲ್ಲಿ ಅದನ್ನು ಬಿಟ್ಟುಬಿಡುವುದು.

ಎಲ್ಲಕ್ಕಿಂತ ದೊಡ್ಡ ಪಾಠ, ಕನ್ನಡಿ ಬೇರೆ, ಕಾಪು ಪ್ರತಿ ಬೇರೆ ಎಂಬುದು. ಕನ್ನಡಿ ಈ ಕ್ಷಣವನ್ನು ತೋರಿಸುತ್ತದೆ. ನಿನ್ನೆ ಏನಿತ್ತೆಂದು ಅದಕ್ಕೆ ನೆನಪಿಲ್ಲ. ಕಾಪು ಪ್ರತಿಗೆ ನಿನ್ನೆಯ, ಕಳೆದ ವಾರದ, ಕಳೆದ ತಿಂಗಳ ನೆನಪಿರಬೇಕು. ಮೂಲ ಎಷ್ಟೇ ಕೂಗಿದರೂ ಹಳೆಯದನ್ನು ಅದು ಅಳಿಸಕೂಡದು.

ಪರೀಕ್ಷಿಸದ ಪ್ರತಿ

ಹಾಗಾದರೆ ಕಾಪು ಪ್ರತಿ ಇಟ್ಟವರೆಲ್ಲ ನಿಶ್ಚಿಂತರೇ? ಅದಕ್ಕೆ ಉತ್ತರವಾಗಿ 2017ರ ಜನವರಿ 31ರ ರಾತ್ರಿಯನ್ನು ನೆನೆಯಬಹುದು. ಗಿಟ್ ಭಂಡಾರಗಳನ್ನು ಇಟ್ಟುಕೊಳ್ಳಲು ಲಕ್ಷಾಂತರ ಜನರಿಗೆ ಜಾಗ ಒದಗಿಸುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಮಾಹಿತಿಯ ಮೂಲ ಸರ್ವರ್‌ಗೂ ಅದರ ಜೋಡಿ ಸರ್ವರ್‌ಗೂ ಹೊಂದಾಣಿಕೆ ತಪ್ಪಿತ್ತು. ಜೋಡಿಯನ್ನು ಬರಿದು ಮಾಡಿ ಮತ್ತೆ ತುಂಬಿಸಲು ಎಂಜಿನಿಯರ್ ಒಬ್ಬರು ಹೊತ್ತುಮೀರಿ ಕೂತು ದುಡಿಯುತ್ತಿದ್ದರು. ದಣಿವಿನಲ್ಲಿ ಅಳಿಸುವ ಆದೇಶವನ್ನು ಜೋಡಿಯ ಬದಲು ಮೂಲ ಸರ್ವರ್‌ನಲ್ಲಿಯೇ ಒತ್ತಿದರು. ಒಂದೆರಡು ಸೆಕೆಂಡುಗಳಲ್ಲಿ ತಪ್ಪು ಹೊಳೆದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ಮಾಹಿತಿಯಲ್ಲಿ ಉಳಿದದ್ದು ಸುಮಾರು 4.5 ಗಿಗಾಬೈಟ್.

ಕಾಪು ಪ್ರತಿಗಳನ್ನು ತೆರೆಯಹೋದರು. ದಿನವೂ ಪ್ರತಿ ತೆಗೆಯಬೇಕಿದ್ದ ಪ್ರೋಗ್ರಾಂ, ಆವೃತ್ತಿಗಳು ಹೊಂದದೆ, ಬಹುದಿನಗಳಿಂದ ಏನನ್ನೂ ಉಳಿಸುತ್ತಿರಲಿಲ್ಲ. ಕೆಲಸ ಕೆಟ್ಟಿದೆ ಎಂದು ಅದು ಕಳಿಸುತ್ತಿದ್ದ ಎಚ್ಚರಿಕೆಯ ಪತ್ರಗಳನ್ನು ಅಂಚೆ ವ್ಯವಸ್ಥೆ ತಿರಸ್ಕರಿಸುತ್ತಿತ್ತು. ಡಬ್ಬಿಗಳ ಸಾಲು ಕಪಾಟಿನಲ್ಲಿ ಇದ್ದೇ ಇತ್ತು, ಮುಚ್ಚಳ ತೆಗೆದು ನೋಡಿದವರಿರಲಿಲ್ಲ. ಇಲ್ಲಿಯೂ ಉಳಿಸಿದ್ದು ಅಕಸ್ಮಾತ್ತೇ. ಸುಮಾರು ಆರು ಗಂಟೆ ಮೊದಲು ಬೇರೆ ಪರೀಕ್ಷೆಗೆಂದು ಅದೇ ಎಂಜಿನಿಯರ್ ತಮ್ಮ ಕೈಯಾರೆ ತೆಗೆದಿಟ್ಟ ಪ್ರತಿಯೊಂದು ಸಿಕ್ಕಿತು. ಗಿಟ್ ಭಂಡಾರಗಳಿಗೆ ಏಟು ಬೀಳಲಿಲ್ಲ. ಆದರೆ ಆ ಆರು ಗಂಟೆಗಳಲ್ಲಿ ಜನ ಬರೆದ ಟಿಪ್ಪಣಿ, ದೂರು, ಹೊಸ ಖಾತೆಗಳು ಹೋದದ್ದು ಹೋದವೇ.

ಸಂಸ್ಥೆ ನಡೆದುಕೊಂಡ ರೀತಿಯನ್ನು ತಂದೆತಾಯಂದಿರು ಗಮನಿಸಬೇಕು. ಅದು ತಪ್ಪನ್ನು ಮುಚ್ಚಿಡಲಿಲ್ಲ. ದುರಸ್ತಿಯ ಕೆಲಸವನ್ನು ಎಲ್ಲರೂ ನೋಡುವಂತೆ ನೇರ ಪ್ರಸಾರ ಮಾಡಿತು. ಆ ದಣಿದ ಎಂಜಿನಿಯರನ್ನು ಹೊರಗೆ ಹಾಕಲಿಲ್ಲ. ಒಬ್ಬರ ಬೆರಳು ತಪ್ಪಿದ್ದು ಅಲ್ಲಿ ದೊಡ್ಡ ಪ್ರಶ್ನೆಯಾಗಲಿಲ್ಲ. ಒಂದು ಬೆರಳು ತಪ್ಪಿದರೆ ಎಲ್ಲ ಹೋಗುವಂತೆ ವ್ಯವಸ್ಥೆ ಏಕಿತ್ತು ಎಂಬುದೇ ಪ್ರಶ್ನೆಯಾಯಿತು. ತಪ್ಪು ಹೇಳಿದರೆ ಪೆಟ್ಟು ಬೀಳುವ ಮನೆಯಲ್ಲಿ ಮಕ್ಕಳು ತಪ್ಪು ಮಾಡುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾರೆ.

ಮನೆಯ ಮಟ್ಟಿಗೆ

ಇದೆಲ್ಲ ದೊಡ್ಡ ಸಂಸ್ಥೆಗಳ ಮಾತು, ನಮಗೇನು ಎನ್ನುವಂತಿಲ್ಲ. ಇಂದು ಮನೆಮನೆಯ ಮೊಬೈಲಿನಲ್ಲಿಯೂ ಒಂದು ಕನ್ನಡಿ ಇದೆ. ಅಜ್ಜಿಯ ಚಿತ್ರ, ಮಗುವಿನ ಮೊದಲ ಹೆಜ್ಜೆ, ಅಂಕಪಟ್ಟಿಯ ನಕಲು ಎಲ್ಲವೂ ಎಲ್ಲೋ ದೂರದ ಸರ್ವರ್ ಜೊತೆ ತಾನಾಗಿಯೇ ಹೊಂದಾಣಿಕೆಯಾಗುತ್ತಿರುತ್ತವೆ. ಎರಡು ಕಡೆ ಇವೆಯಲ್ಲ ಎಂಬ ಧೈರ್ಯ ನಮಗೆ. ಇಂಥ ಹೊಂದಾಣಿಕೆಯಲ್ಲಿ ಸಾಮಾನ್ಯವಾಗಿ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ ಕೆಲವು ದಿನ ಉಳಿಯಬಹುದು ಅಷ್ಟೇ. ಮುಖ್ಯವಾದವನ್ನು ಬೇರೆಯೊಂದು ಡಿಸ್ಕಿಗೆ ಹಾಕಿ, ಅದರ ತಂತಿ ಬಿಡಿಸಿ, ಬೀರುವಿನಲ್ಲಿಡಬೇಕು. ವರ್ಷಕ್ಕೆರಡು ಬಾರಿಯಾದರೂ ತೆಗೆದು, ಚಿತ್ರಗಳು ನಿಜವಾಗಿ ತೆರೆದುಕೊಳ್ಳುತ್ತವೆಯೇ ಎಂದು ನೋಡಬೇಕು. ಹಬ್ಬಕ್ಕೆ ಹಿತ್ತಾಳೆ ಪಾತ್ರೆಗಳನ್ನು ಅಟ್ಟದಿಂದ ಇಳಿಸಿ ತೊಳೆಯುತ್ತೇವಲ್ಲ, ಅದೇ ದಿನ ಈ ಕೆಲಸವನ್ನೂ ಮಾಡಬಹುದು.

ವಿದ್ಯಾರ್ಥಿಗಳಿಗೆ ಇದರಲ್ಲಿ ಇನ್ನೂ ಹತ್ತಿರದ ಮಾತಿದೆ. ಹಿಂದೆ ಓಲೆಗರಿಗಳನ್ನು ಪ್ರತಿಮಾಡುತ್ತಿದ್ದ ಲಿಪಿಕಾರರು ಕೊನೆಯಲ್ಲಿ, ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ಮನ್ನಿಸಿ ಎಂದು ಬೇಡಿಕೊಳ್ಳುವ ವಾಡಿಕೆಯಿತ್ತು. ಇಂದು ಆ ಗ್ರಂಥಗಳನ್ನು ಸಂಪಾದಿಸುವ ವಿದ್ವಾಂಸರು ಒಂದೇ ಗರಿಯಿಂದ ಇಳಿದ ಹತ್ತು ನಕಲುಗಳನ್ನು ಹತ್ತು ಸಾಕ್ಷಿಗಳೆಂದು ಎಣಿಸುವುದಿಲ್ಲ. ಬೇರೆ ಬೇರೆ ಮೂಲದಿಂದ ಬಂದ ಎರಡು ಪ್ರತಿಗಳು ಸಿಕ್ಕರೆ ಸಂತೋಷಪಡುತ್ತಾರೆ. ಸರ್ವರ್ ಸಜ್ಜುಗೊಳಿಸುವವರು 2013ರಲ್ಲಿ ಮನಗಂಡದ್ದೂ ಅದನ್ನೇ.

ಲೋಲಕ ತೂಗಿದ ಆ ಹುಡುಗಿಯ 9.6 ಪುಸ್ತಕದ ಉತ್ತರವಲ್ಲ. ದಾರದ ಅಳತೆಯಲ್ಲೋ ಗಡಿಯಾರ ಒತ್ತುವುದರಲ್ಲೋ ಸ್ವಲ್ಪ ತಪ್ಪಿರಬೇಕು. ಆದರೆ ಆ ತಪ್ಪು ಎಲ್ಲಿ ನುಸುಳಿತೆಂದು ಅವಳನ್ನು ಕೇಳಬಹುದು, ಅವಳು ಹುಡುಕಬಲ್ಲಳು, ಮತ್ತೆ ಅಳೆಯಬಲ್ಲಳು. 8.9 ಬರೆದ ಹತ್ತು ಮಂದಿಯನ್ನು ಕೇಳಿದರೆ ಅವರು ಬೆರಳು ತೋರಿಸುವುದು ಮೊದಲ ಪುಸ್ತಕದ ಕಡೆಗೆ. ಆ ಪುಸ್ತಕ ಕಳೆದುಹೋದರೆ ಅವರ ಬಳಿ ಏನೂ ಉಳಿಯುವುದಿಲ್ಲ. ತಾನೇ ಮಾಡಿ ಬರೆದಿಟ್ಟುಕೊಂಡವಳ ಗಂಟು ಮಾತ್ರ ಕನ್ನಡಿಯ ಈಚೆಗೆ, ಅವಳ ಕೈಯಲ್ಲಿಯೇ ಇರುತ್ತದೆ.